ನಲವತ್ತೊಂದನೆಯ ಪುಟ

ಅಲ್ ನಹ್ದಾ, ದುಬೈ
9 ನವೆಂಬರ್ 2025

ಪುರಂದರ ಸರ್‌ಗೆ,

ನಗಬೇಡಿ. ಮದುವೆಯಾಗಿ ಹತ್ತು ವರ್ಷವಾದರೂ ನಿಮ್ಮ ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಗೋವಾದ ಕ್ಯಾಸಿನೊ ಬೋಟಿನಲ್ಲಿ ಮೊದಲ ದಿನ ನನ್ನ ಕೈಗೆ ಇಸ್ಪೀಟಿನ ಕಟ್ಟು ಕೊಟ್ಟು, "ಹಿಡಿಯುವುದು ಹಾಗಲ್ಲ ಮಾರಾಯ್ತಿ" ಎಂದು ಗದರಿದಿರಲ್ಲ, ಆಗ ಅಂಟಿದ "ಸರ್" ಇದು. ಇವತ್ತು ಆ ಸರ್‌ಗೆ ಒಂದು ಸುದ್ದಿ ಉಂಟು. ನಾನು ಟೇಬಲ್ ಟೆಸ್ಟ್ ಪಾಸಾದೆ!

ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ದೀಪಾವಳಿಯ ದಿನ ನಾವು ಫೋನಿನಲ್ಲಿ ಆಡಿದ ಜಗಳ ನನ್ನ ರೂಮಿನ ಹಸೀನಳಿಗೆ ಪೂರ್ತಿ ಕೇಳಿಸಿದೆ. ಮಂಗಳೂರಿನವಳು, ತುಳು ಚೆನ್ನಾಗಿ ಬರುತ್ತದೆ ಅವಳಿಗೆ. ತುಳುವಿನಲ್ಲಿ ಮಾತು ಶುರುವಾದರೆ ನಾವಿಬ್ಬರೂ ಎಲ್ಲಿಗೆ ಹೋಗಿ ಮುಟ್ಟುತ್ತೇವೆಂದು ನಿಮಗೂ ಗೊತ್ತು. ಕನ್ನಡದಲ್ಲಿ ಬರೆಯುವಾಗ ಶಾಲೆಯಲ್ಲಿ ಕೂತ ಹಾಗೆ ಸ್ವಲ್ಪ ನೆಟ್ಟಗಿರುತ್ತೇವೆ. ಆದ್ದರಿಂದ ಇನ್ನು ಮುಂದೆ ಇಮೇಲ್ ಮಾತ್ರ. ನೀವೂ ಹಾಗೇ ಮಾಡಿ.

ರಾಸ್ ಅಲ್ ಖೈಮಾ ಕಡೆ ಏಳುತ್ತಿರುವ ಹೊಸ ರೆಸಾರ್ಟಿನ ಕ್ಯಾಸಿನೊಗೆ ಡೀಲರ್, ಕಾರ್ಡು ಹಂಚುವ ಕೆಲಸ. ನಲವತ್ತು ಜನ ಬಂದಿದ್ದೆವು, ಒಂಬತ್ತು ಜನರನ್ನು ಆರಿಸಿದರು. ಐದು ವರ್ಷ ಕಾರ್ಡು ಮುಟ್ಟದ ಕೈ, ಎಲ್ಲ ಮರೆತಿರುತ್ತದೆ ಅಂದುಕೊಂಡಿದ್ದೆ. ಮರೆತಿರಲಿಲ್ಲ. ಟೇಬಲ್ ಬಿಟ್ಟು ಹೊರಡುವಾಗ, ಏನೂ ಅಡಗಿಸಿಲ್ಲ ಎಂದು ಎರಡೂ ಅಂಗೈ ತಿರುಗಿಸಿ ಕ್ಯಾಮೆರಾಗೆ ತೋರಿಸಿದ್ದು ನೋಡಿ ಪರೀಕ್ಷಕರು, "ಯಾರು ಕಲಿಸಿದ್ದು?" ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ.

ಇನ್ನು ಉಳಿದದ್ದು ಲೈಸೆನ್ಸು. ಅಡುಗೆಯವರು, ಸ್ಟೋರಿನವರು, ಕ್ಲೀನಿಂಗಿನವರಿಗೆ ಬರೀ ರಿಜಿಸ್ಟ್ರೇಷನ್ ಸಾಕು. ಕಾರ್ಡು, ಹಣದ ಬದಲಿನ ಚಿಪ್ ಮುಟ್ಟುವವರಿಗೆ ಮಾತ್ರ ಲೈಸೆನ್ಸ್ ಬೇಕು. ಅದಕ್ಕೆ ಅರವತ್ತೆರಡು ಪುಟದ ಫಾರ್ಮು! ಹುಟ್ಟಿದ್ದು, ಬೆಳೆದದ್ದು, ಹತ್ತು ವರ್ಷ ಎಲ್ಲೆಲ್ಲಿ ಮಲಗಿ ಎದ್ದದ್ದು, ಎಲ್ಲ ಬರೆಯಬೇಕು. ನೈಫ್ ಪೇಟೆಯ ನಮ್ಮ ವಾಚ್ ಅಂಗಡಿಯ ಧಣಿ ಅಬ್ದುಲ್ ಹಸೀಬ್ ಭಾಯಿ ನಡತೆಯ ಸರ್ಟಿಫಿಕೇಟ್ ಕೊಡುವುದಿಲ್ಲ ಅಂತಲೇ ನನ್ನ ಲೆಕ್ಕಾಚಾರ ಇತ್ತು. ಐದು ಹೊತ್ತು ನಮಾಜು ಬಿಡದ ಭಟ್ಕಳದವರು ಅವರು. ಅವರು ಕನ್ನಡಕ ಹಾಕಿಕೊಂಡು ಫಾರ್ಮು ಪೂರ್ತಿ ಓದಿದರು. ಆಮೇಲೆ, "ನೀನು ಹೋಗುವ ಕೆಲಸ ನನಗೆ ಆಗುವುದಿಲ್ಲ ಪ್ರಫುಲ್ಲಾ. ಆದರೆ ನೀನು ನಂಬಿಗಸ್ತೆ ಎಂಬುದು ಸತ್ಯ. ಸತ್ಯ ಬರೆಯಲು ನನಗೇನು ಕಷ್ಟ?" ಎಂದು ಸಹಿ ಹಾಕಿಬಿಟ್ಟರು. ನನಗೆ ಕಣ್ಣು ತುಂಬಿ ಬಂತು.

ಎರಡನೆಯ ಸಾಕ್ಷಿಗೆ ಕ್ಲಾರೆನ್ಸ್ ಪಾಯ್ಸ್ ಬರೆದುಕೊಟ್ಟಿದ್ದಾರೆ. ಮೂರನೆಯದು ನಿಮ್ಮದು. ಗಂಡನ ಹೇಳಿಕೆ ಎಂದು ನಾಲ್ಕು ಪುಟ ಬೇರೆಯೇ ಉಂಟು. ಅದಿಲ್ಲದೆ ಅರ್ಜಿ ಮುಂದೆ ಹೋಗುವುದೇ ಇಲ್ಲ. ಮೂಲ ಸಹಿ ಬೇಕು, ಸ್ಕ್ಯಾನ್ ಆಗದು. ಡಿಸೆಂಬರ್ ಇಪ್ಪತ್ತರ ಒಳಗೆ ಮುಟ್ಟಬೇಕು. ಗುರುವಾರ ನಿಮ್ಮ ಪ್ಲಾಂಟಿನ ಕೆಲಸಗಾರರ ಕ್ಯಾಂಪಿಗೆ ತರಕಾರಿ ತರುವ ಮೂಸಬ್ಬನ ಕೈಯಲ್ಲಿ ಕಳುಹಿಸುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಪ್ರಫುಲ್ಲಾ


ರುವೈಸ್, ಅಬುಧಾಬಿ
13 ನವೆಂಬರ್ 2025

ಪ್ರಫುಲ್ಲಾ,

ಶಾಬಾಸ್. ಮೊದಲು ಅದನ್ನು ಬರೆದುಬಿಡುತ್ತೇನೆ, ಆಮೇಲೆ ಹೇಳಲೇ ಇಲ್ಲ ಎನ್ನಬೇಡ.

ಮೂಸಬ್ಬ ನಾಲ್ಕು ಪುಟ ತಂದುಕೊಟ್ಟ. ಮೇಜಿನ ಮೇಲಿಟ್ಟಿದ್ದೇನೆ.

ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ನಾನೂ ಅಲ್ಲಿಗೆ ಅರ್ಜಿ ಹಾಕಿದ್ದೆ, ಪಿಟ್ ಸೂಪರ್‌ವೈಸರ್ ಕೆಲಸಕ್ಕೆ. ಒಂಬತ್ತು ವರ್ಷ ಹನ್ನೆರಡು ಟೇಬಲಿನ ಉಸ್ತುವಾರಿ ನೋಡಿದವನನ್ನು ಅವರು ಟೆಸ್ಟಿಗೂ ಕರೆಯಲಿಲ್ಲ. ಮೊನ್ನೆ ಒಂದು ಮೇಲ್ ಬಂತು. ಸ್ಟೋರ್‌ಕೀಪರ್ ಕೆಲಸ ಖಾಲಿ ಉಂಟು, ಆಸಕ್ತಿ ಇದ್ದರೆ ತಿಳಿಸಿ ಅಂತೆ. ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಸಾಕು. ಹೆಂಡತಿಗೆ ಲೈಸೆನ್ಸು, ಗಂಡನಿಗೆ ರಿಜಿಸ್ಟ್ರೇಷನ್. ಅವಳು ಮೇಲೆ ದೀಪದ ಕೆಳಗೆ ಕಾರ್ಡು ಹಂಚುವಾಗ ನಾನು ನೆಲಮಾಳಿಗೆಯಲ್ಲಿ ಟಿಶ್ಯೂ ಪೇಪರಿನ ಪೆಟ್ಟಿಗೆ ಎಣಿಸಬೇಕು. ಹೊಟ್ಟೆಕಿಚ್ಚು ಅಂತೀಯಾ? ಅನ್ನು. ಇದ್ದದ್ದೇ ಅದು. ನಿನ್ನ ಮೇಲ್ ಓದಿ ಅನ್ನ ಸೇರಲಿಲ್ಲ ನನಗೆ.

ಇನ್ನೊಂದು ಮಾತು. ಈ ಕ್ಲಾರೆನ್ಸ್ ಪಾಯ್ಸ್ ಯಾರು? ನಮ್ಮ ಬೋಟಿನ ಕ್ಯಾಮೆರಾ ರೂಮಿನಲ್ಲಿ ಕೂರುತ್ತಿದ್ದ ಆ ಕ್ಲಾರೆನ್ಸೇ? ಅವನು ದುಬೈಯಲ್ಲಿದ್ದಾನೆಂದು ನನಗೆ ಯಾವಾಗ ಹೇಳಿದೆ? ಹೇಳಲಿಲ್ಲ. ಈಗ ನೋಡಿದರೆ ಸಾಕ್ಷಿ ಬರೆದುಕೊಡುವಷ್ಟು ಹತ್ತಿರ. "ಕೊಟ್ಟಿದ್ದಾರೆ" ಅಂತೆ. ಅದೂ ಬಹುವಚನ.

ನನ್ನ ಸಹಿ ಬೇಕಾದರೆ ನಿನ್ನ ಅರವತ್ತೆರಡು ಪುಟವನ್ನೂ ನನಗೆ ಕಳುಹಿಸು. ಏನು ಬರೆದಿದ್ದೀ ಎಂದು ನೋಡದೆ ನಾನು ಹೆಬ್ಬೆಟ್ಟು ಒತ್ತುವವನಲ್ಲ.

ಪುರಂದರ


ಅಲ್ ನಹ್ದಾ
18 ನವೆಂಬರ್ 2025

ಪುರಂದರ ಅವರಿಗೆ,

ಅನ್ನ ಬಿಟ್ಟರಂತೆ! ಹೆಂಡತಿ ಪಾಸಾದದ್ದಕ್ಕೆ ಉಪವಾಸ ಮಾಡಿದ ಗಂಡ ಇಡೀ ಗಲ್ಫಿನಲ್ಲಿ ನೀವೊಬ್ಬರೇ ಇರಬೇಕು. ಹಸೀನಳಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾಳೆ, ಹೇಳಲಿಲ್ಲ.

ನೀವು ಅರ್ಜಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನು ಹಾಕುತ್ತಿರಲಿಲ್ಲವೇನೋ. ಇಲ್ಲ, ಹಾಕುತ್ತಿದ್ದೆ. ವಾಚಿನ ಡಬ್ಬಿ ತೆಗೆದು ತೋರಿಸಿ, ಮುಚ್ಚಿಟ್ಟು, ಮತ್ತೆ ತೆಗೆದು ತೋರಿಸಿ ನನಗೆ ಸಾಕಾಗಿದೆ. ಟೇಬಲಿನ ಮುಂದೆ ನಿಂತ ಆ ಇಪ್ಪತ್ತು ನಿಮಿಷ ನಾನು ನಾನಾಗಿದ್ದೆ. ಇದು ನನಗೆ ಬೇಕು, ಅಷ್ಟೇ.

ಕ್ಲಾರೆನ್ಸ್ ಅದೇ ಕ್ಲಾರೆನ್ಸ್. ಜುಮೇರಾ ಲೇಕ್ ಟವರ್ಸ್‌ನಲ್ಲಿ ಡೀಲರ್‌ಗಳಿಗೆ ತರಬೇತಿ ಕೊಡುವ ಒಂದು ಕಚೇರಿ ಉಂಟು, ಅಲ್ಲಿದ್ದಾರೆ. ಮೂರು ವರ್ಷವಾಯಿತು. ಹೆಂಡತಿಯೂ ಇಲ್ಲೇ ಇದ್ದಾರೆ. ನಿಮಗೆ ಹೇಳಲಿಲ್ಲ ನಿಜ. ಹೇಳಿದರೆ ಈಗ ಆಗುತ್ತಿರುವುದೇ ಆಗುತ್ತಿತ್ತು.

ಫಾರ್ಮಿನ ಪ್ರತಿ ಮೂಸಬ್ಬನ ಕೈಯಲ್ಲಿ ಕಳುಹಿಸಿದ್ದೇನೆ. ನೋಡಿ. ನಿಮ್ಮ ನಾಲ್ಕು ಪುಟ ತುಂಬುವಾಗ ಒಂದು ವಿಷಯ ನೆನಪಿಡಿ: ಯಾವ ಪ್ರಶ್ನೆಗೂ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಹಳೆಯ ತಪ್ಪು ಇದ್ದರೂ ಲೈಸೆನ್ಸ್ ಕೊಡುತ್ತಾರಂತೆ, ಸುಳ್ಳು ಸಿಕ್ಕಿದರೆ ಖಲಾಸ್. ಟೆಸ್ಟಿನ ದಿನವೇ ನಮಗೆಲ್ಲ ಹೇಳಿದ ಮಾತು ಇದು. ಒಂಬತ್ತನೆಯ ಪ್ರಶ್ನೆಯನ್ನು ಸ್ವಲ್ಪ ಸಮಾಧಾನದಲ್ಲಿ ಓದಿ.

ಊಟ ಮಾಡಿ.

ಪ್ರಫುಲ್ಲಾ


ರುವೈಸ್
21 ನವೆಂಬರ್ 2025

ಪ್ರಫುಲ್ಲಾ,

ಇವತ್ತು ಶುಕ್ರವಾರ, ರಜೆ. ಬೆಳಿಗ್ಗೆ ಎಂಟರಿಂದ ಕೂತು ನಿನ್ನ ಫಾರ್ಮನ್ನು ಓದಿದ್ದೇನೆ. ಎರಡು ಸಲ. ಹತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಒಂದು ಫಾರ್ಮಿನಿಂದ ತಿಳಿದುಕೊಳ್ಳುವ ಗತಿ ಬಂತು ನನಗೆ.

ಪುಟ ಹನ್ನೆರಡು. ವಾಸದ ವಿಳಾಸಗಳು. 2024ರ ಏಪ್ರಿಲ್ 17ರಿಂದ ಮೇ 5. ಬಾಡಿಗೆದಾರ: ಕ್ಲಾರೆನ್ಸ್ ಪಾಯ್ಸ್. ಹತ್ತೊಂಬತ್ತು ದಿನ! ಆ ದಿನಗಳಲ್ಲಿ ನಾನು ಫೋನ್ ಮಾಡಿದಾಗೆಲ್ಲ "ರೂಮಿನಲ್ಲಿದ್ದೇನೆ" ಎಂದೆಯಲ್ಲ, ಯಾವ ರೂಮು ಅದು?

ಪುಟ ಹದಿನೇಳು. ತುರ್ತು ಸಂದರ್ಭದಲ್ಲಿ ಕರೆಯಬೇಕಾದ ವ್ಯಕ್ತಿ: ಕ್ಲಾರೆನ್ಸ್ ಪಾಯ್ಸ್. ಇದನ್ನು ಓದಿ ನಾನು ಎದ್ದು ಹೊರಗೆ ಹೋಗಿ ಬಿಸಿಲಲ್ಲಿ ನಿಂತೆ. ನಾಳೆ ನೀನು ಸತ್ತರೆ ಮೊದಲ ಫೋನು ಅವನಿಗೆ. ಅವನು ನನಗೆ ತಿಳಿಸಬೇಕು, ಮನಸ್ಸಾದರೆ.

ನೀನು ಅವನ ಬಗ್ಗೆ ಒಂದು ವಿಷಯ ಯೋಚಿಸಿದ್ದೀಯಾ? ಅವನು ಬೋಟಿನ ಮೇಲಿನ ಆ ಕತ್ತಲೆ ರೂಮಿನಲ್ಲಿ ಕೂತು ವರ್ಷಗಟ್ಟಲೆ ನಿನ್ನನ್ನು ನೋಡಿದವನು. ನಿನ್ನ ಕೈ, ನಿನ್ನ ಬೆರಳು, ನೀನು ಆಕಳಿಸುವುದು, ಕೂದಲು ಕಿವಿಯ ಹಿಂದಕ್ಕೆ ತಳ್ಳುವುದು. ಹತ್ತಿರ ಮಾಡಿ, ದೊಡ್ಡದು ಮಾಡಿ, ಮತ್ತೆ ಹಿಂದಕ್ಕೆ ಓಡಿಸಿ. ಗಂಡನಾದ ನಾನು ನಿನ್ನನ್ನು ಅಷ್ಟು ಹೊತ್ತು ನೋಡಿಲ್ಲ. ಆಗಲೂ ಇದು ನನ್ನ ತಲೆ ತಿನ್ನುತ್ತಿತ್ತು, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಈಗ ಅವನ ಸಹಿ ನಿನ್ನ ಫಾರ್ಮಿನಲ್ಲಿ: "ಹನ್ನೊಂದು ವರ್ಷಗಳಿಂದ ಚೆನ್ನಾಗಿ ಬಲ್ಲೆ." ಬಲ್ಲ, ಬಲ್ಲದೆ ಏನು!

ಕಡೆಯದು. ನಲವತ್ತರ ನಂತರ ನಲವತ್ತೆರಡು. ಪುಟ ನಲವತ್ತೊಂದು ಎಲ್ಲಿ? ಮೂಸಬ್ಬನ ವ್ಯಾನನ್ನೂ ಹುಡುಕಿಸಿದೆ. ಲಕೋಟೆಗೆ ಅಂಟಿಸಿದ ಟೇಪು ನೀನು ಅಂಟಿಸಿದ ಹಾಗೇ ಇತ್ತು. ಅಂದರೆ ನೀನೇ ತೆಗೆದದ್ದು. ಆ ಪುಟದಲ್ಲಿ ಏನುಂಟು? ಏನಿದೆಯೆಂದು ನನಗೆ ಗೊತ್ತು. ಆದರೂ ನಿನ್ನ ಬಾಯಿಂದ ಬರಲಿ.

ಅದು ಬರುವವರೆಗೆ ಸಹಿ ಇಲ್ಲ.

ಪುರಂದರ


ಅಲ್ ನಹ್ದಾ
24 ನವೆಂಬರ್ 2025

ಪುರಂದರ ಅವರಿಗೆ,

ಏಪ್ರಿಲ್ ಹದಿನಾರರಂದು ದುಬೈಯಲ್ಲಿ ಸುರಿದ ಮಳೆ ನೀವೂ ಟಿವಿಯಲ್ಲಿ ನೋಡಿದಿರಿ. ನಮ್ಮ ಕಟ್ಟಡದ ಕೆಳಗೆ ನೀರು ತುಂಬಿ ಕರೆಂಟು ಹೋಯಿತು, ಲಿಫ್ಟು ನಿಂತಿತು, ನಲ್ಲಿಯಲ್ಲಿ ನೀರಿಲ್ಲ. ನಾನು ಮತ್ತು ಹಸೀನ ಹನ್ನೊಂದು ಮಹಡಿ ಇಳಿದು, ಮೊಣಕಾಲು ನೀರಿನಲ್ಲಿ ನಡೆದು ಹೋದೆವು. ನಾನು ಮತ್ತು ಹಸೀನ, ಇಬ್ಬರೂ. ಕ್ಲಾರೆನ್ಸ್ ಅವರ ಮನೆಯವರು ಹಾಲ್‌ನಲ್ಲಿ ಹಾಸಿಗೆ ಹಾಕಿಕೊಟ್ಟರು. ಹದಿನಾಲ್ಕು ದಿನ ದಾಟಿದ ವಾಸವನ್ನೆಲ್ಲ ಬರೆಯಬೇಕೆಂದು ನಿಯಮ, ಬರೆದೆ. ನಿಮಗೆ ಹೇಳಿದ್ದು ಸುಳ್ಳೇ. ನೀವು ಹೀಗೆ ಉರಿದು ಬೀಳುತ್ತೀರಿ ಎಂದು ಹೆದರಿ ಹೇಳಿದ ಸುಳ್ಳು.

ಹದಿನೇಳನೆಯ ಪುಟ. ಜುಲೈಯಲ್ಲಿ ನಾನು ಅಂಗಡಿಯಲ್ಲಿ ತಲೆತಿರುಗಿ ಬಿದ್ದೆ. ಹಸೀಬ್ ಭಾಯಿ ನಿಮಗೆ ಹನ್ನೊಂದು ಸಲ ಫೋನ್ ಮಾಡಿದರು. ಪ್ಲಾಂಟಿನ ಒಳಗೆ ಫೋನ್ ಬಿಡುವುದಿಲ್ಲ, ಸಂಜೆಯವರೆಗೆ ಅದು ಗೇಟಿನ ಲಾಕರಿನಲ್ಲಿರುತ್ತದೆ. ತಪ್ಪು ನಿಮ್ಮದಲ್ಲ. ಆದರೆ ಆಸ್ಪತ್ರೆಗೆ ಯಾರಾದರೂ ಬರಬೇಕಲ್ಲ? ಕ್ಲಾರೆನ್ಸ್, ಅವರ ಮನೆಯವರು ಇಬ್ಬರೂ ಬಂದರು. ಸಂಜೆ ನೀವು ಫೋನ್ ಮಾಡಿ "ಯಾಕೆ ಇಷ್ಟು ಮಿಸ್ಡ್ ಕಾಲ್" ಎಂದಾಗ ಭಾಯಿ ತಪ್ಪಿ ಒತ್ತಿದ್ದು ಎಂದೆ.

ನಲವತ್ತೊಂದನೆಯ ಪುಟ ತೆಗೆದದ್ದು ನಾನೇ. ಅದನ್ನು ಕೇಳಬೇಡಿ. ನೀವು ಅಂದುಕೊಂಡದ್ದು ಅಲ್ಲಿ ಏನೂ ಇಲ್ಲ. ನಿಮ್ಮ ನಾಲ್ಕು ಪುಟ ನೀವು ನಿಜವಾಗಿ ತುಂಬಿದರೆ ಆ ಪುಟ ನೋಡುವ ಅಗತ್ಯವೇ ನಿಮಗೆ ಬರುವುದಿಲ್ಲ. ದಮ್ಮಯ್ಯ, ಇದೊಂದು ನನ್ನ ಮಾತು ಕೇಳಿ.

ಪ್ರಫುಲ್ಲಾ


ರುವೈಸ್
25 ನವೆಂಬರ್ 2025

ನಾನು ಅಂದುಕೊಂಡದ್ದು ಇಲ್ಲದಿದ್ದರೆ ಕಳುಹಿಸಲು ಏನು ಕಷ್ಟ? ಮಳೆಗೆ ಒಂದು ಕಥೆ, ಆಸ್ಪತ್ರೆಗೆ ಒಂದು ಕಥೆ. ಈ ಪುಟಕ್ಕೆ ಮಾತ್ರ ಕಥೆ ಸಿಗಲಿಲ್ಲವಲ್ಲ. ಸರಿ ಬಿಡು. ಗೊತ್ತಾಯಿತು.

ಪು.


ರುವೈಸ್
10 ಡಿಸೆಂಬರ್ 2025

ಪ್ರೀತಿಯ ಪ್ರಫುಲ್ಲಾ,

ಎರಡು ವಾರದಿಂದ ನಿನ್ನ ಮೇಲ್ ಇಲ್ಲ. ತಲೆತಿರುಗುವುದು ಈಗ ಹೇಗಿದೆ? ಖರ್ಜೂರ, ಬೀಟ್ರೂಟ್ ತಿನ್ನು. ರಕ್ತ ಕಮ್ಮಿ ಇರಬೇಕು ನಿನಗೆ, ಮೊದಲಿಂದಲೂ ಹಾಗೆ. ಇಲ್ಲಿ ಈಗ ಬೆಳಿಗ್ಗೆ ಸ್ವಲ್ಪ ಚಳಿ. ನಿನ್ನೆ ಮೆಸ್ಸಿನಲ್ಲಿ ಬಂಗುಡೆ ಮೀನಿನ ಸಾರು ಮಾಡಿದ್ದರು, ಕೇರಳದ ಅಡುಗೆಯವನ ಕೈ, ನಮ್ಮ ರುಚಿ ಅಲ್ಲ. ನಿನ್ನ ನೆನಪಾಯಿತು.

ಕಳೆದ ಸಲ ಸಿಟ್ಟಿನಲ್ಲಿ ಏನೇನೋ ಬರೆದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಸಹಿ ವಿಷಯ ನೋಡೋಣ. ಇನ್ನೂ ಹತ್ತು ದಿನ ಉಂಟಲ್ಲ, ಅವಸರ ಎಂತದು.

ಲೈಸೆನ್ಸ್ ಕಚೇರಿಯಿಂದ ನಿನಗೆ ಏನಾದರೂ ಬಂತೇ? ಸುಮ್ಮನೆ ಕೇಳಿದೆ. ಬಂದರೆ ತಿಳಿಸು.

ನಿನ್ನ
ಪುರಂದರ


ಅಲ್ ನಹ್ದಾ
19 ಡಿಸೆಂಬರ್ 2025

ಬಂತು. ಸುಮ್ಮನೆ ಕೇಳಿದಿರಲ್ಲ, ಹೇಳುತ್ತೇನೆ.

ಬುಧವಾರ ಅಬುಧಾಬಿಯ ಕಚೇರಿಗೆ ಕರೆಸಿದರು. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದೆ. ಅಧಿಕಾರಿ ನನ್ನಮ್ಮನ ವಯಸ್ಸಿನ ಹೆಂಗಸು. ನೀರು ಕುಡಿಸಿ, ಕೂರಿಸಿ, ಒಂದು ಕಾಗದ ನನ್ನ ಮುಂದಿಟ್ಟರು. ಡಿಸೆಂಬರ್ ಎರಡನೆಯ ತಾರೀಕಿನದು. "ಅರ್ಜಿದಾರಳಿಗೂ ಆಕೆಯ ಸಾಕ್ಷಿ ಕ್ಲಾರೆನ್ಸ್ ಪಾಯ್ಸ್‌ಗೂ ಇರುವ ಸಂಬಂಧವನ್ನು ಮುಚ್ಚಿಡಲಾಗಿದೆ." ಕೆಳಗೆ ನಿಮ್ಮ ಸಹಿ. ನನಗೆ ಬೇಕಿದ್ದ ಸಹಿ ಅಂತೂ ಸಿಕ್ಕಿತು, ಬೇರೆ ಕಾಗದದಲ್ಲಿ.

"ಇದು ನಿನ್ನ ಗಂಡನ ಸಹಿಯೇ?" ಹೌದೆಂದೆ. "ಬರೆದದ್ದು ನಿಜವೇ?" ಅಲ್ಲ ಎಂದೆ. ಆ ಹೆಂಗಸು ಎರಡನ್ನೂ ಬರೆದುಕೊಂಡರು. ನಾನು ಅಲ್ಲಿ ಅಳಲಿಲ್ಲ. ಬಸ್ಸಿನಲ್ಲೂ ಅಳಲಿಲ್ಲ. ನಿಮ್ಮನ್ನು ಎದುರಿಗೆ ನಿಲ್ಲಿಸಿ ಕೆನ್ನೆಗೆ ಬಾರಿಸಬೇಕು ಅನಿಸುತ್ತಿತ್ತು. ಬೀಟ್ರೂಟ್ ತಿನ್ನು ಅಂತೆ!

ಕ್ಲಾರೆನ್ಸ್ ಅವರ ತರಬೇತಿಯ ಲೈಸೆನ್ಸನ್ನೂ ವಿಚಾರಣೆ ಮುಗಿಯುವ ತನಕ ತಡೆಹಿಡಿದಿದ್ದಾರೆ. ಅವರು ಮನೆಯಲ್ಲಿ ಕೂತಿದ್ದಾರೆ. ಅವರ ಮನೆಯವರು ನನ್ನ ಫೋನ್ ಎತ್ತುತ್ತಿಲ್ಲ. ನನಗೆ ಹಾಸಿಗೆ ಹಾಕಿಕೊಟ್ಟ ಹೆಂಗಸು ಅವರು.

ನನಗೆ ಜನವರಿ ಹತ್ತರವರೆಗೆ ಗಡುವು ಕೊಟ್ಟಿದ್ದಾರೆ. ಗಂಡನ ಹೇಳಿಕೆ ಬಂದರೆ ಸರಿ, ಬರದಿದ್ದರೆ ಅರ್ಜಿ ಮುಚ್ಚುತ್ತಾರೆ.

ಆ ಪುಟ ಬೇಕಲ್ಲ ನಿಮಗೆ? ತೆಗೆದುಕೊಳ್ಳಿ. ಅಲ್ಲಿ ಇಂಗ್ಲಿಷಿನಲ್ಲಿದೆ, ನಮ್ಮ ಮಾತಿನಲ್ಲಿ ಹೇಳಿದರೆ ಇಷ್ಟು:

ಪ್ರಶ್ನೆ: ನಿಮ್ಮ ಕುಟುಂಬದ ಯಾರನ್ನಾದರೂ ಯಾವುದೇ ದೇಶದ ಕ್ಯಾಸಿನೊ ಕೆಲಸದಿಂದ ತೆಗೆದುಹಾಕಿದ್ದುಂಟೇ?

ಉತ್ತರ: ಉಂಟು. ನನ್ನ ಗಂಡ, ಗೋವಾದಲ್ಲಿ, 2020ರ ಫೆಬ್ರವರಿಯಲ್ಲಿ. ನನ್ನ ಟೇಬಲಿನ ಟಿಪ್ಸ್ ಡಬ್ಬಿಗೆ ಹಾಕಬೇಕಾಗಿದ್ದ ಒಂದು ಚಿಪ್ ತೆಗೆದುಕೊಂಡದ್ದು ಕ್ಯಾಮೆರಾದಲ್ಲಿ ಕಂಡಿತು. ಅವರು ನನಗೆ ಕೆಲಸ ಬಿಟ್ಟೆ ಎಂದು ಹೇಳಿದರು. ಮರುತಿಂಗಳು ಕೊರೊನಾ ಬಂದು ಬೋಟೇ ನಿಂತದ್ದರಿಂದ ಯಾರೂ ಮತ್ತೆ ಕೇಳಲಿಲ್ಲ. ನನಗೆ ಅದೇ ದಿನ ಗೊತ್ತಾಯಿತು. ಯಾಕೆ ತೆಗೆದರೆಂದು ಮಾತ್ರ ಗೊತ್ತಿಲ್ಲ, ಮನೆಯಲ್ಲಿ ಅಂಥ ಕಷ್ಟ ಇರಲಿಲ್ಲ. ನನಗೆ ಈ ಕೆಲಸ ಕಲಿಸಿದವರು ಅವರು, ಟೇಬಲಿನಲ್ಲಿ ಶುದ್ಧವಾಗಿರಲು ಕಲಿಸಿದವರೂ ಅವರೇ. ನನಗೆ ಗೊತ್ತು ಎಂಬುದು ಅವರಿಗೆ ಗೊತ್ತಿಲ್ಲ. ಏನು ಕೇಳುವುದಿದ್ದರೂ ನನ್ನನ್ನು ಕೇಳಿ. ದಯವಿಟ್ಟು ಅವರನ್ನು ಕೇಳಬೇಡಿ.

ಇಷ್ಟೇ. ಗಂಡನ ಫಾರ್ಮಿನ ಒಂಬತ್ತನೆಯ ಪ್ರಶ್ನೆಯೂ ಇದೇ ಎಂದು ನನಗೆ ಆಮೇಲೆ ತಿಳಿಯಿತು. ನೀವೇ ನಿಜ ಬರೆಯುತ್ತೀರಿ, ನನಗೆ ಗೊತ್ತಿದೆ ಎಂದು ನಿಮಗೆ ತಿಳಿಯದ ಹಾಗೆ ಮುಗಿದುಹೋಗಲಿ ಎಂದು ಆಸೆಪಟ್ಟೆ.

ಪ್ರಫುಲ್ಲಾ


ರುವೈಸ್
27 ಡಿಸೆಂಬರ್ 2025

ಪ್ರಫುಲ್ಲಾ,

ಎಂಟು ದಿನ ಬೇಕಾಯಿತು. ಕೆಲಸಕ್ಕೆ ಹೋದೆ, ಬಂದೆ.

ನಾಲ್ಕು ಪುಟ ತುಂಬಿ, ಸಹಿ ಹಾಕಿ, ಮೂಸಬ್ಬನ ಕೈಯಲ್ಲಿ ಕೊಟ್ಟಿದ್ದೇನೆ. ಡಿಸೆಂಬರ್ ಎರಡರ ಕಾಗದ ಸುಳ್ಳು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಕಚೇರಿಗೂ ಬರೆದೆ. ಕ್ಲಾರೆನ್ಸ್‌ಗೆ ಬರೆಯಲು ಕೂತೆ, ನಾಲ್ಕು ಸಾಲಿಗಿಂತ ಮುಂದೆ ಹೋಗಲಿಲ್ಲ. ಆ ನಾಲ್ಕು ಸಾಲನ್ನೇ ಕಳುಹಿಸಿದೆ.

ಒಂಬತ್ತನೆಯ ಪ್ರಶ್ನೆಗೆ "ಹೌದು" ಎಂದು ಬರೆದಿದ್ದೇನೆ. ಕಾರಣ ಕೇಳಿದ್ದರು, ಬರೆದೆ. ನೀನು ಕಚೇರಿಯಲ್ಲಿ ಓದುವ ಮೊದಲು ಇಲ್ಲಿ ಓದು.

ಆ ಭಾನುವಾರ ಮಧ್ಯಾಹ್ನದ ಪಾಳಿಯಲ್ಲಿ ನಿನ್ನ ಟೇಬಲಿಗೆ ಒಬ್ಬ ಬಂದಿದ್ದ, ಬಿಳಿ ಶೂ ಹಾಕಿದವನು. ನಿನಗೆ ನೆನಪಿರಲಿಕ್ಕಿಲ್ಲ, ನಿನಗೆ ಅಂಥವರು ದಿನಾ ಹತ್ತು ಜನ. ಅವನು ಗೆದ್ದು, ಎದ್ದು, ಒಂದು ದೊಡ್ಡ ಚಿಪ್ ನಿನ್ನ ಕಡೆ ತಳ್ಳಿ, "ನಿಮ್ಮ ಬೆರಳುಗಳಿಗೆ" ಎಂದ. ನೀನು ನಕ್ಕೆ. ಡೀಲರ್ ನಗಲೇಬೇಕು, ನಾನೇ ಕಲಿಸಿದ್ದು. ಸೂಪರ್‌ವೈಸರ್ ಆದ ನಾನು "ಥ್ಯಾಂಕ್ಯೂ ಸರ್" ಎಂದು ಅದನ್ನು ಎತ್ತಿ ಡಬ್ಬಿಗೆ ಹಾಕಬೇಕು. ಥ್ಯಾಂಕ್ಯೂ ಹೇಳಿದೆ. ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಅಂಗೈಯಲ್ಲೇ ಹಿಡಿದುಕೊಂಡು ಡೆಕ್ಕಿಗೆ ಹೋಗಿ ಮಾಂಡೋವಿ ನದಿಗೆ ಎಸೆದೆ.

ಕ್ಯಾಮೆರಾದಲ್ಲಿ ತೆಗೆದದ್ದು ಕಂಡಿತು, ಎಸೆದದ್ದು ಕಾಣಲಿಲ್ಲ. ಮ್ಯಾನೇಜರ್ ಕೇಳಿದಾಗ ಕದ್ದೆ ಎಂದು ಒಪ್ಪಿಕೊಂಡೆ. ಹೆಂಡತಿಯ ಬೆರಳನ್ನು ಒಬ್ಬ ಹೊಗಳಿದ್ದಕ್ಕೆ ನೀರಿಗೆ ಎಸೆದೆ ಎಂದು ಆರು ಜನರ ಎದುರು ಹೇಳುವುದಕ್ಕಿಂತ ಕಳ್ಳನಾಗುವುದೇ ವಾಸಿ ಅನಿಸಿತು.

ನೀನು ಕ್ಷಮಿಸುತ್ತೀಯೋ ಬಿಡುತ್ತೀಯೋ, ಅದು ನಿನಗೆ ಬಿಟ್ಟದ್ದು. ಆದರೆ ಪ್ರಫುಲ್ಲಾ, ನನ್ನ ಹೊಟ್ಟೆಕಿಚ್ಚು ನಿಜ ಬರೆದ ಮೇಲೂ ಇಳಿಯಲಿಲ್ಲ. ಈಗ ಬೇರೆ ಕಡೆ ಹತ್ತಿಕೊಂಡಿದೆ. ಆ ಕ್ಯಾಮೆರಾ ನೋಡುತ್ತಿದ್ದವನು ಕ್ಲಾರೆನ್ಸ್, ನಿನಗೆ ಹೇಳಿದವನೂ ಅವನೇ ಅಲ್ಲದೆ ಇನ್ನಾರು? ಐದು ವರ್ಷ, ಹತ್ತು ತಿಂಗಳು ನೀನು ಮತ್ತು ಅವನು ನನ್ನ ಒಂದು ವಿಷಯವನ್ನು ಇಬ್ಬರೇ ಇಟ್ಟುಕೊಂಡಿದ್ದಿರಿ. ನಾನು ನಿನ್ನೆದುರು ಕೂತು ಊಟ ಮಾಡುವಾಗ ನಿನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ನಾನೊಬ್ಬನೇ ಮಂಕನ ಹಾಗೆ ಅನ್ನ ಕಲಸುತ್ತಿದ್ದೆ. ಹತ್ತೊಂಬತ್ತು ದಿನಕ್ಕಿಂತ ಇದು ನನ್ನನ್ನು ಹೆಚ್ಚು ಸುಡುತ್ತದೆ.

ಒಂದೇ ಒಂದು ಕೇಳುತ್ತೇನೆ, ಮತ್ತೆ ಎಂದೂ ಕೇಳುವುದಿಲ್ಲ. ಅವನು ನಿನಗೆ ಹೇಳಿದ ದಿನ ನೀನು ಅತ್ತೆಯಾ? ಅವನೆದುರು ಅತ್ತೆಯಾ?

ಪುರಂದರ


ಅಲ್ ನಹ್ದಾ
2 ಫೆಬ್ರವರಿ 2026

ಪುರಂದರ,

ಹೆಸರು ಹಿಡಿದು ಬರೆದಿದ್ದೇನೆ. ಇನ್ನು ಸರ್ ಅನ್ನಲು ನನ್ನಿಂದ ಆಗದು.

ಲೈಸೆನ್ಸ್ ಬಂತು. ಇವತ್ತು ಬೆಳಿಗ್ಗೆ. ಕಾರ್ಡಿನಲ್ಲಿ ನನ್ನ ಫೋಟೊ ಚೆನ್ನಾಗಿಲ್ಲ, ಹಸೀನ ಚೆನ್ನಾಗಿದೆ ಅಂತಾಳೆ. ಹಸೀಬ್ ಭಾಯಿಗೆ ತಿಂಗಳ ನೋಟಿಸು ಕೊಟ್ಟೆ. ಕ್ಲಾರೆನ್ಸ್ ಅವರನ್ನು ಹೋದ ವಾರ ಕೆಲಸಕ್ಕೆ ಮತ್ತೆ ಕರೆದರು. ಅವರ ಮನೆಯವರು ಇನ್ನೂ ಮಾತಾಡುವುದಿಲ್ಲ.

ನಿಮ್ಮ ಒಂಬತ್ತನೆಯ ಉತ್ತರವನ್ನು ಆ ಅಧಿಕಾರಿ ನನ್ನೆದುರೇ ಓದಿದರು. ಎರಡು ಸಲ ಓದಿ, ಕನ್ನಡಕ ತೆಗೆದು, "ನದಿಗೆ?" ಎಂದರು. ನಾನು ಹೌದೆಂದೆ. ಕದ್ದಿದ್ದರೆ ಕ್ಷಮಿಸುವುದು ಸುಲಭವಿತ್ತು ಮಾರಾಯ್ರೆ. ಆ ಬಿಳಿ ಶೂವಿನವನು ನನಗೆ ನೆನಪೇ ಇಲ್ಲ. ಎಷ್ಟು ನೆನೆಸಿಕೊಂಡರೂ ಮುಖ ಬರುವುದಿಲ್ಲ. ನನಗೆ ನೆನಪೂ ಇಲ್ಲದ ಒಬ್ಬನಿಗಾಗಿ ನೀವು ನಿಮ್ಮ ಕೆಲಸ, ನಿಮ್ಮ ಹೆಸರು ಎರಡನ್ನೂ ನೀರಿಗೆ ಹಾಕಿದಿರಿ. ಆಮೇಲೆ ನನ್ನದನ್ನೂ ಹಾಕಲು ಹೊರಟಿರಿ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡಬಾರದೆಂದು ತಿಂಗಳು ತಡೆದೆ. ಆದರೆ ಈಗ ನನಗೆ ನಿಜ ಬರೆದು ಅಭ್ಯಾಸವಾಗಿದೆ.

ಆ ದಿನ ನೀವು ಯೂನಿಫಾರ್ಮ್ ಇಲ್ಲದೆ ದೋಣಿ ಹತ್ತಿ ದಡಕ್ಕೆ ಹೋಗುವುದನ್ನು ಕಿಟಕಿಯಿಂದ ಕಂಡೆ. ಮೇಲೆ ಕ್ಯಾಮೆರಾ ರೂಮಿಗೆ ಓಡಿದೆ. ಕ್ಲಾರೆನ್ಸ್ ಹೇಳುವುದಿಲ್ಲ ಎಂದರು. "ನಿನ್ನ ಗಂಡನನ್ನೇ ಕೇಳು" ಎಂದರು. ನಾನು ಅಲ್ಲೇ ನೆಲದಲ್ಲಿ ಕೂತುಬಿಟ್ಟೆ. ಆಮೇಲೆ ಹೇಳಿದರು. ಹೌದು, ಅತ್ತೆ. ಅವರೆದುರೇ ಅತ್ತೆ, ಜೋರಾಗಿ. ಅವರು ಬಾಗಿಲು ಹಾಕಿ ಹೊರಗೆ ನಿಂತರು.

ಕಣ್ಣೊರೆಸಿಕೊಂಡು ಮನೆಗೆ ಬಂದೆ. ನೀವು ಬಾಗಿಲಲ್ಲೇ ನಿಂತು, "ಕೆಲಸ ಬಿಟ್ಟೆ, ಬೇಜಾರಾಗಿತ್ತು" ಎಂದಿರಿ. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ಇವತ್ತು ಹೇಳುತ್ತೀರಿ, ನಾಳೆ ಹೇಳುತ್ತೀರಿ, ಆಗ ನಿಮ್ಮ ಮುಂದೆ ಅಳೋಣ ಎಂದು ಐದು ವರ್ಷ ಕಾದೆ. ಕ್ಲಾರೆನ್ಸ್ ಎದುರು ಅತ್ತದ್ದು ಒಂದು ಸಲ. ನಿಮ್ಮೆದುರು ಅಳಬೇಕಾದದ್ದೆಲ್ಲ ಹಾಗೇ ಉಳಿದಿದೆ.

ಇದಕ್ಕೆ ಮೇಲ್ ಬರೆಯಬೇಡಿ. ಮುಂದಿನ ಶುಕ್ರವಾರ ನನಗೆ ರಜೆ, ಮನೆಯಲ್ಲೇ ಇರುತ್ತೇನೆ. ಬರುವುದಾದರೆ ಬನ್ನಿ.

ಪ್ರಫುಲ್ಲಾ